ಶೇಂಗಾ ಕೀಳುವವರೆಗೆ

೧೯೭೯ನೇ ಇಸವಿ, ಗಣಪತಿ ಹಬ್ಬ ಮುಗಿದು ವಾರ ಕಳೆದಿತ್ತು. ನನಗೆ ಆಗ ಇಪ್ಪತ್ತನಾಲ್ಕು. ಸಂತೇಬೆನ್ನೂರಿನವಳಾದ ನಾನು ನರ್ಸ್ ತರಬೇತಿ ಮುಗಿಸಿ, ನ್ಯಾಮತಿ ಆಚೆಗಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆದರಿ ಹೆದರಿ ಸಾಕಾಗಿದೆ. ಅಲ್ಲಿ ಆಮೇಲೆ ಹುಟ್ಟಿದ ಮಕ್ಕಳು ಏನೂ ತಪ್ಪು ಮಾಡಿಲ್ಲ, ಅವಕ್ಕೆ ಈ ಕೆಟ್ಟ ಹೆಸರು ಅಂಟುವುದು ಬೇಡ ಎಂದಷ್ಟೇ. ಆದರೆ ಆ ದಿನಗಳನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಊರಿನ ಹೊಲಗಳು ಕಾಡಿಗೆ ತಾಗಿಕೊಂಡಿದ್ದವು. ಶೇಂಗಾ ಬಲಿಯುವ ಹೊತ್ತಿಗೆ ಹಂದಿಗಳ ಹಿಂಡು ಇಳಿದು ಒಂದು ರಾತ್ರಿಯಲ್ಲಿ ಎಕರೆಗಟ್ಟಲೆ ಹೊಲ ಬಗೆದುಬಿಡುತ್ತಿತ್ತು. ಊರಿಗೆಲ್ಲ ಇದ್ದದ್ದು ಒಂದೇ ಬಂದೂಕು, ಗೌಡರದು. ಎರಡು ನಳಿಗೆಯದು. ಪರವಾನಗಿ ಅವರ ಹೆಸರಿಗೆ ಇತ್ತು, ಬೇರೆಯವರ ಕೈಗೆ ಕೊಡುವಂತಿರಲಿಲ್ಲ. ಆದರೆ ಆ ಊರಿನಲ್ಲಿ ಬಂದೂಕಿಗೆ ಪಾಳಿ ಇತ್ತು. ಇವತ್ತು ಇವರ ಹೊಲಕ್ಕೆ, ನಾಳೆ ಅವರ ಹೊಲಕ್ಕೆ ಎಂದು ಶೇಂಗಾ ಕೀಳುವವರೆಗೆ ಅದು ಹೊಲದಿಂದ ಹೊಲಕ್ಕೆ ತಿರುಗುತ್ತಿತ್ತು. ಪಾಳಿ ಬಂದವರು ತಾವೇ ಹೋಗಿ ಕಾಯಬೇಕು. ಯಾರಿಗೆ ಬೇಕು ನಿದ್ದೆಗೆಟ್ಟು ಕೂರುವುದು? ಅದಕ್ಕೇ ಎಲ್ಲರೂ ಸೇರಿ ಒಬ್ಬನನ್ನು ಗೊತ್ತು ಮಾಡಿಕೊಂಡಿದ್ದರು. ಪ್ರತಿ ಮನೆಯಿಂದ ಒಂದಿಷ್ಟು ಜೋಳ ಕೊಟ್ಟರೆ ಸಾಕು, ಎಲ್ಲರ ಪಾಳಿಯನ್ನೂ ಅವನೇ ಮಾಡುತ್ತಿದ್ದ.

ಅವನು ಹಾಲೇಶ. ಹದಿನೇಳು ವರ್ಷದ ಹುಡುಗ. ಅಪ್ಪ ಇರಲಿಲ್ಲ. ತಾಯಿ ಚೌಡಮ್ಮ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಅವನ ಅಕ್ಷರ ಮುತ್ತಿನಂತಿತ್ತು. ನನ್ನ ಕೇಂದ್ರದ ಗೋಡೆಯ ಮೇಲೆ ಯಾವ ತಿಂಗಳಿಗೆ ಯಾವ ಚುಚ್ಚುಮದ್ದು ಎಂದು ಬರೆದವನು ಅವನೇ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದ. ಆಮೇಲೆ ಹುಡುಗ ಬದಲಾದ. ಮಾತು ನಿಂತಿತು. ಒಬ್ಬನೇ ನಗುತ್ತಿದ್ದ, ಯಾರೋ ಕರೆದರೆಂದು ತಟ್ಟನೆ ತಿರುಗುತ್ತಿದ್ದ. ಹೋಟೆಲ್ ಮುಂದೆ ಕೂರುವ ಪಡ್ಡೆಗಳಿಗೆ ಅದೊಂದು ತಮಾಷೆ. ‘ಹಂದಿ ಸಾಹೇಬ್ರು ಬಂದ್ರು, ಸಲಾಂ ಹೊಡೀರಿ’ ಎಂದು ಅವನು ಹೋಗುವಾಗ ಬರುವಾಗಲೆಲ್ಲ ಛೇಡಿಸುತ್ತಿದ್ದರು. ದೊಡ್ಡವರು ಬುದ್ಧಿ ಹೇಳುವುದಿರಲಿ, ಟೀ ಕುಡಿಯುತ್ತಾ ನಗುತ್ತಿದ್ದರು. ಒಂದೆರಡು ಸಲ ನಾನೂ ನಕ್ಕಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಚೌಡಮ್ಮ ನನ್ನ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸಿಲ ಆಚೆಯೇ ಕುಕ್ಕರಗಾಲಲ್ಲಿ ಕೂತಳು.

“ನರ್ಸಮ್ಮ, ನನ್ನ ಮಗ ನಿದ್ದೆ ಮಾಡಿ ಎಂಟು ದಿನ ಆತು. ಹೊಲದಾಗಿಂದ ಬಂದು ಮಲಗಾಕೆ ಹೋಗಾಕಿಲ್ಲ. ಗೋಡೆ ಕೂಡ ಮಾತಾಡ್ತಾನೆ. ಹಂದಿಗಳು ಊರೊಳಗೆ ಮನುಷ್ಯರ ಹಂಗೆ ಓಡಾಡ್ತಾವೆ ಅಂತಾನೆ. ನನ್ನ ಮುಖ ನೋಡಿ, ನೀನು ನಮ್ಮವ್ವ ಹೌದೋ ಅಲ್ಲೋ ಅಂತ ಕೇಳ್ತಾನೆ ಕಣ್ರೀ.”

ನನಗೆ ತಿಳಿದಷ್ಟು ಹೇಳಿದೆ. ಇದು ಗಾಳಿ ಸೋಂಕಲ್ಲ, ಕಾಯಿಲೆ, ಇದಕ್ಕೆ ಶಿವಮೊಗ್ಗದಲ್ಲಿ ಡಾಕ್ಟರಿದ್ದಾರೆ, ಚೀಟಿ ಬರೆದುಕೊಡುತ್ತೇನೆ ಎಂದೆ. ಬರೆದೂ ಕೊಟ್ಟೆ. ಅವಳು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಅದು ಸರಿ. ಮೊದ್ಲು ಅವನ ಕೈಯಾಗಿನ ಬಂದೂಕು ಬಿಡಿಸ್ರಿ. ನಾನೊಬ್ಬಳೇ ಹೋದ್ರೆ ಗೌಡ್ರು ಕಿವಿಗೆ ಹಾಕ್ಕಳಲ್ಲ. ನೀವು ಓದಿದೋರು, ಜೊತೆಗೆ ಬರ್ರಿ” ಎಂದಳು.

ಹೋದೆವು. ಗೌಡರು ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬಂದೂಕು ಅವರ ಹಿಂದೆ ಗೋಡೆಗೆ ಒರಗಿತ್ತು. ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಲೇಶ ಬಂದು ಅದನ್ನೂ ತೋಟೆಗಳನ್ನೂ ಒಯ್ಯುತ್ತಿದ್ದ. ಬೆಳಿಗ್ಗೆ ಮೊದಲ ಬಸ್ಸು ಬರುವ ಹೊತ್ತಿಗೆ ತಂದು ಅದೇ ಜಾಗದಲ್ಲಿ ಇಡುತ್ತಿದ್ದ. ಇದು ಇಡೀ ಊರಿಗೆ ಗೊತ್ತಿದ್ದ ವಿಷಯ.

ಚೌಡಮ್ಮ ಸುತ್ತಿಬಳಸಲಿಲ್ಲ. “ಗೌಡ್ರೇ, ನನ್ನ ಮಗನ ತಲೆ ನೆಟ್ಟಗಿಲ್ಲ. ಅವನ ಕೈಗೆ ಬಂದೂಕು ಕೊಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಗೌಡರು ನಕ್ಕರು. “ತಲೆ ನೆಟ್ಟಗಿಲ್ದೋನು ಮೊನ್ನೆ ಎರಡು ಹಂದಿ ಹೆಂಗೆ ಕೆಡವಿದ? ನಪಾಸಾಗಿ ಮೂಲೆ ಹಿಡಿದಿದ್ದ, ಒಂದು ಜವಾಬ್ದಾರಿ ಕೊಟ್ಟೀನಿ. ಬಂದೂಕು ಹಿಡಿದ್ರೆ ಹುಡುಗಂಗೆ ಧೈರ್ಯ ಬರ್ತೈತೆ. ಹೋಗವ್ವ, ಹೋಗು.”

“ಡಾಕ್ಟರಿಗೆ ತೋರಿಸುವವರೆಗಾದರೂ ಬೇಡ ಅನ್ನಿ ಗೌಡರೇ” ಎಂದೆ ನಾನು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನರ್ಸಮ್ಮ, ನೀವು ಸೂಜಿ ಚುಚ್ಚೋದು ನೋಡ್ಕಳ್ರಿ. ಇನ್ನು ಹತ್ತು ದಿನ. ಶೇಂಗಾ ಕೀಳೋವರೆಗೆ ಇರಲಿ. ಆಮ್ಯಾಲೆ ಅವನ್ನ ಎಲ್ಲಿಗೆ ಬೇಕಾದ್ರೂ ಕರ್ಕಂಡು ಹೋಗ್ರಿ, ಯಾರು ಬ್ಯಾಡ ಅಂತಾರೆ?”

ನಾನು ಸುಮ್ಮನೆ ಎದ್ದು ಬಂದೆ. ನನ್ನ ಉಪಕೇಂದ್ರ ನಡೆಯುತ್ತಿದ್ದದ್ದೂ, ನಾನು ಮಲಗುತ್ತಿದ್ದದ್ದೂ ಅವರ ಹಳೇ ಮನೆಯಲ್ಲಿ. ಚೌಡಮ್ಮ ಇನ್ನೂ ಮೂರು ಮನೆಗೆ ಹೋದಳಂತೆ. ಪಾಳಿ ಇದ್ದವರನ್ನೇ ಹಿಡಿದು, ನಿಮ್ಮ ಹೊಲಕ್ಕೆ ಬೇರೆಯವರನ್ನು ಕಳಿಸಿ ಎಂದು ಕೇಳಿದಳಂತೆ. ಮೂವರೂ ಗೌಡರನ್ನು ಕೇಳು ಎಂದರಂತೆ.

ಅದಾಗಿ ನಾಲ್ಕನೇ ದಿನ, ಗುರುವಾರ. ಬೆಳಿಗ್ಗೆ ಸ್ಟೌ ಮೇಲೆ ಸಿರಿಂಜು ಕುದಿಯಲು ಇಟ್ಟಿದ್ದೆ. ಹೊನ್ನಾಳಿ ಬಸ್ಸಿಗೆ ಜನ ರಸ್ತೆಯಲ್ಲಿ ಕಾಯುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳು ಅದೇ ದಾರಿಯಲ್ಲಿ ಹೊರಟಿದ್ದವು. ಒಂದು ಈಡಿನ ಸದ್ದು ಕೇಳಿತು. ಇಷ್ಟು ಹೊತ್ತಾದ ಮೇಲೂ ಹಂದಿಯೇ ಎಂದುಕೊಂಡೆ. ಕೂಡಲೇ ಎರಡನೆಯದು ಕೇಳಿತು. ಸ್ವಲ್ಪ ಬಿಟ್ಟು ಮತ್ತೆರಡು. ಆಮೇಲೆ ಕೂಗು ಎದ್ದಿತು. ನಾನು ಹತ್ತಿಯ ಉಂಡೆ, ಪಟ್ಟಿ, ಟಿಂಚರ್ ಬಾಟಲಿ ಎತ್ತಿಕೊಂಡು ಓಡಿದೆ. ಎಂಥ ಹುಚ್ಚಿ ನಾನು, ಟಿಂಚರ್ ತೆಗೆದುಕೊಂಡು ಓಡಿದ್ದೆ.

ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಂಟು ಜನ ನೆಲದ ಮೇಲಿದ್ದರು. ಕಣ್ಣು ತೋರಿಸಲು ಹೊನ್ನಾಳಿಗೆ ಹೊರಟಿದ್ದ ಕರಿಬಸಜ್ಜ ಕೂತಲ್ಲೇ ವಾಲಿದ್ದ. ಹೋಟೆಲಿನ ಶಂಕ್ರಪ್ಪ ಬಾಗಿಲಿಗೆ ಅಡ್ಡ ಬಿದ್ದಿದ್ದ. ಟೈಲರ್ ರುದ್ರಪ್ಪನ ಒಂಬತ್ತು ವರ್ಷದ ಮಗಳು ಮಂಜುಳಾ ನನ್ನ ತೊಡೆಯ ಮೇಲೆ ಜೀವ ಬಿಟ್ಟಳು. ಅಪ್ಪ ಹೊಲಿದುಕೊಟ್ಟ ಹೊಸ ನೀಲಿ ಲಂಗ ಹಾಕಿಕೊಂಡಿದ್ದಳು. ಉಳಿದ ಐವರ ಮೈಯಲ್ಲಿ ಸೀಸದ ಕಾಳುಗಳು ಹೊಕ್ಕಿದ್ದವು, ಬಸ್ಸಿನಲ್ಲೇ ಅವರನ್ನು ಸಾಗಿಸಿದೆವು. ಅವರು ಬದುಕಿದರು.

ಹಾಲೇಶ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತಿದ್ದ. ಬಂದೂಕು ಕಾಲ ಬಳಿ ಬಿದ್ದಿತ್ತು, ತೋಟೆ ಮುಗಿದಿದ್ದವು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಜನ ಅವನ ಹತ್ತಿರ ಬಂದಾಗ, “ಎಲ್ಲಾ ಹೋದ್ವಾ?” ಎಂದು ಕೇಳಿದ. ಆಮೇಲೆ ಹೊಡೆತ ಶುರುವಾಯಿತು. ಚೌಡಮ್ಮ ಎಲ್ಲಿಂದಲೋ ಓಡಿಬಂದು ಅವನ ಮೇಲೆ ಕವುಚಿ ಬಿದ್ದಳು. ಆ ಏಟುಗಳೆಲ್ಲ ಅವಳ ಬೆನ್ನಿಗೆ ಬಿದ್ದವು. ಅವಳು ಹಾಗೆ ಬಿದ್ದದ್ದನ್ನು ಊರು ಕೊನೆಯವರೆಗೂ ಕ್ಷಮಿಸಲಿಲ್ಲ.

ಪೊಲೀಸರು ಬಂದು ಹುಡುಗನನ್ನು ಒಯ್ದರು. ಅದೇ ದಿನ ಸಂಜೆಯೊಳಗೆ ಊರಿನಲ್ಲಿ ಒಂದು ಕಥೆ ತಯಾರಾಯಿತು. ಬಂದೂಕನ್ನು ಯಾರೂ ಕೊಟ್ಟಿಲ್ಲ, ಹಾಲೇಶ ಗೌಡರ ಮನೆಯ ಪೆಟ್ಟಿಗೆಯ ಬೀಗ ಒಡೆದು ಕದ್ದ. ಬೀಗ ಒಡೆದದ್ದು ಯಾರು ಎಂದು ನನಗೆ ಗೊತ್ತಿಲ್ಲ. ಆದರೆ ಮಾರನೇ ದಿನ ಪೊಲೀಸರಿಗೆ ತೋರಿಸಲು ಒಂದು ಒಡೆದ ಬೀಗ ಅಲ್ಲಿತ್ತು. ಪಾಳಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹೇಗೆ ಬರುತ್ತದೆ? ಪ್ರತಿ ಮನೆಯೂ ಜೋಳ ಕೊಟ್ಟಿತ್ತು. ಗೌಡರನ್ನು ಹಿಡಿದರೆ ತಮ್ಮನ್ನೂ ಠಾಣೆಗೆ ಎಳೆಯುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನಿನ್ನೆ ಮೊನ್ನೆಯವರೆಗೆ ಹಾಲೇಶನ ಕೈಯಲ್ಲಿ ಬಂದೂಕು ನೋಡಿ ಹಾಯಾಗಿ ಮಲಗಿದ್ದವರೆಲ್ಲ ಈಗ, ಅಯ್ಯೋ ಅವನ ಕೈಗೆ ಅದು ಹೆಂಗೆ ಸಿಕ್ಕಿತೋ ಎಂದು ಹುಬ್ಬೇರಿಸಿದರು. ನಾಚಿಕೆಗೆಟ್ಟವರು.

ಪೊಲೀಸ್ ಇನ್ಸ್‌ಪೆಕ್ಟರ್ ನನ್ನ ಕೇಂದ್ರಕ್ಕೂ ಬಂದರು. ಗೌಡರು ಅವರ ಹಿಂದೆಯೇ ಬಂದು, ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತರು. ಅವರದೇ ಮನೆ, ಅವರದೇ ಚೌಕಟ್ಟು.

“ಹುಡುಗನ ವಿಷಯ ನಿಮಗೆ ಮುಂಚೆ ಏನಾದರೂ ಗೊತ್ತಿತ್ತಾ ಸಿಸ್ಟರ್?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್” ಎಂದೆ.

ಆಮೇಲೆ ನನಗೆ ನಾನೇ ಎಷ್ಟೋ ನೆಪ ಹೇಳಿಕೊಂಡೆ. ಒಂಟಿ ಹೆಂಗಸು, ಪರಊರು. ಗೌಡರು ಮನಸ್ಸು ಮಾಡಿದರೆ ನನ್ನ ಮೇಲೆ ಏನು ಬೇಕಾದರೂ ಕಥೆ ಕಟ್ಟಬಹುದು, ನೌಕರಿಗೂ ಮರ್ಯಾದೆಗೂ ಕುತ್ತು. ಎಲ್ಲವೂ ನಿಜವೇ. ಆದರೆ ಚೌಡಮ್ಮನೂ ಒಂಟಿ ಹೆಂಗಸೇ ಅಲ್ಲವೇ? ಅವಳು ಹೋಗಿ ನೇರವಾಗಿ ಹೇಳಿರಲಿಲ್ಲವೇ?

ಹನ್ನೊಂದು ದಿನದ ಕಾರ್ಯ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಊರಿನ ಸಭೆ ಸೇರಿತು. ಊರಿಗೆ ಸಮಾಧಾನ ಹೇಳಬೇಕು ಎಂದು ಸಭೆ ಕರೆದವರು ಗೌಡರೇ. ಮಧ್ಯದ ಕುರ್ಚಿಯೂ ಅವರದೇ. ಹೆಂಗಸರ ಸಾಲಿನಲ್ಲಿ ಮುಂದೆ ನನ್ನನ್ನು ಕೂರಿಸಿದ್ದರು, ಗಾಯಗೊಂಡವರಿಗೆ ಉಪಚಾರ ಮಾಡಿದ ನರ್ಸಮ್ಮ ಎಂದು ಗೌರವ ಕೊಟ್ಟು. ಚೌಡಮ್ಮನನ್ನು ಯಾರೂ ಕರೆದಿರಲಿಲ್ಲ. ಅವಳೇ ಬಂದು ಗೇಟಿನ ಆಚೆ ನಿಂತಿದ್ದಳು.

ಟೈಲರ್ ರುದ್ರಪ್ಪ ಎದ್ದ. ಮೆತ್ತಗಿನ ಮನುಷ್ಯ, ಯಾರೊಂದಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಅವತ್ತೂ ಮೆಲ್ಲಗೇ ಕೇಳಿದ.

“ಇಷ್ಟು ಜನ ಕುಂತೀರಿ. ಆ ಹುಡುಗಂಗೆ ಹಿಂಗೆ ಆಗೈತೆ ಅಂತ ಯಾರಿಗೂ ಗೊತ್ತಿರಲಿಲ್ವಾ? ಬ್ಯಾರೇರಿಗೆ ಬ್ಯಾಡ, ಹೆತ್ತ ತಾಯಿಗೆ? ಅವಳು ಏನು ಮಾಡ್ತಿದ್ಲು? ನನಗೆ ಅಷ್ಟು ಹೇಳ್ರಿ ಸಾಕು.”

ಗೌಡರು ತಲೆದೂಗಿದರು. “ಅದೇ ನಾನೂ ಅನ್ನೋದು ರುದ್ರಪ್ಪ. ಹೆತ್ತೋಳಿಗೆ ಗೊತ್ತಿಲ್ದೆ ಇರುತ್ತಾ? ಒಂದು ಮಾತು, ಒಂದೇ ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ, ಆ ಬಂದೂಕನ್ನ ನಾನೇ ಠಾಣೆಗೆ ಕೊಟ್ಟು ಬರ್ತಿದ್ದೆ.”

ಆ ಮನುಷ್ಯನಿಗೆ ನಾಲಿಗೆ ತಡವರಿಸಲೂ ಇಲ್ಲ. 

ಗೇಟಿನ ಕಡೆಯಿಂದ ಚೌಡಮ್ಮನ ದನಿ ಕೇಳಿತು. “ಹೇಳಿದ್ನಲ್ರೀ ಗೌಡ್ರೇ. ನಿಮ್ಮ ಪಡಸಾಲೆಗೆ ಬಂದು ಹೇಳಿದ್ನಲ್ರೀ. ನರ್ಸಮ್ಮ ಇದ್ರು. ಅವರನ್ನ ಕೇಳ್ರಿ.”

ಇಡೀ ಸಭೆ ನನ್ನ ಕಡೆ ತಿರುಗಿತು. ರುದ್ರಪ್ಪನೂ ತಿರುಗಿದ. ನಮ್ಮಿಬ್ಬರ ನಡುವೆ ಎರಡು ಮಾರು ದೂರವೂ ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಗೌಡರೂ ನೋಡುತ್ತಿದ್ದರು.

ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಅಷ್ಟೇ. ಬಾಯಿಯಿಂದ ಒಂದು ಮಾತೂ ಆಡಲಿಲ್ಲ. ಆಡುವಷ್ಟು ಧೈರ್ಯವೂ ನನಗಿರಲಿಲ್ಲ.

ಚೌಡಮ್ಮ ಗೇಟಿನ ಸರಳು ಹಿಡಿದಿದ್ದ ಕೈ ಬಿಟ್ಟು ಹೊರಟುಹೋದಳು. ಅವಳ ಹಿಂದೆಯೇ ಹತ್ತಾರು ಗಂಡಸರು ಹೋದರು. ಎಲ್ಲರಿಗಿಂತ ಮುಂದೆ ರುದ್ರಪ್ಪ ಇದ್ದ. ಮಗನ ಪಾಪವನ್ನು ಮುಚ್ಚಿಟ್ಟಿದ್ದಲ್ಲದೆ ಊರ ಹಿರಿಯರ ಮೇಲೆ ಸುಳ್ಳೂ ಹೇಳುತ್ತಾಳೆ ಎಂದು ಅವಳ ಮನೆಗೆ ನುಗ್ಗಿದರು. ಮಡಿಕೆ ಕುಡಿಕೆ ತಂದು ಬೀದಿಗೆ ಎಸೆದರು. ಹೆಂಚು ಇಳಿಸಿದರು. ಊರ ಬಾವಿಯಲ್ಲಿ ಅವಳಿಗೆ ನೀರಿಲ್ಲ, ಯಾರ ಹೊಲದಲ್ಲೂ ಕೂಲಿಯಿಲ್ಲ ಎಂದು ಸಾರಿದರು. ಇದೆಲ್ಲ ಹಾಡುಹಗಲೇ ನಡೆಯಿತು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಒಂದೊಂದು ಮಡಿಕೆ ಒಡೆದದ್ದೂ ಕೇಳಿಸಿತು. ಮಧ್ಯಾಹ್ನದ ಬಸ್ಸಿಗೆ ಅವಳು ಒಂದು ಗಂಟು ಹಿಡಿದು ಊರು ಬಿಟ್ಟಳು. ಸೂಳೆಕೆರೆ ಹತ್ತಿರ ತಂಗಿಯ ಮನೆ ಇದೆಯಂತೆ, ಅಲ್ಲಿಗೆ ಹೋದಳಂತೆ ಎಂದು ಆಮೇಲೆ ಯಾರೋ ಹೇಳಿದರು.

ಅವತ್ತೇ ಸಂಜೆ ಗೌಡರ ಮನೆಯಿಂದ ನನಗೆ ಒಂದು ಪುಟ್ಟಿ ಹಸಿ ಶೇಂಗಾ ಬಂತು. ಆ ವರ್ಷ ಒಳ್ಳೆಯ ಬೆಳೆ. ಒಬ್ಬರ ಹೊಲಕ್ಕೂ ಹಂದಿ ಬಿದ್ದಿರಲಿಲ್ಲ. ಕಾಯಿ ತುಂಬಿಕೊಂಡು ದಪ್ಪಗಿತ್ತು. ನಾನು ಅದನ್ನು ವಾಪಸ್ ಕಳಿಸಬಹುದಿತ್ತು, ಕಳಿಸಲಿಲ್ಲ. ತಿಪ್ಪೆಗೆ ಸುರಿಯಬಹುದಿತ್ತು, ಸುರಿಯಲಿಲ್ಲ. ಉಪ್ಪು ಹಾಕಿ ಬೇಯಿಸಿ ತಿಂದೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ.

೧೯೮೧ರಲ್ಲಿ ಅವರಿವರ ಕೈಕಾಲು ಹಿಡಿದು ಜಗಳೂರಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಹೋಗಿ ಎರಡು ತಿಂಗಳಿಗೆ ಶಿವಮೊಗ್ಗದ ಕೋರ್ಟಿನಿಂದ ಸಮನ್ಸ್ ಬಂತು. ಗಾಯಾಳುಗಳನ್ನು ಮೊದಲು ನೋಡಿದವಳು ಎಂದು ನನ್ನನ್ನು ಸಾಕ್ಷಿಗೆ ಕರೆದಿದ್ದರು. ಹುಡುಗನ ಪರ ಸರ್ಕಾರವೇ ನೇಮಿಸಿದ ವಕೀಲರು ವಯಸ್ಸಾದವರು. ಕನ್ನಡಕ ಒರೆಸಿಕೊಳ್ಳುತ್ತಾ, ಹೆಚ್ಚೇನೂ ಆಸೆ ಇಲ್ಲದವರ ಹಾಗೆ, “ಈ ಹುಡುಗನ ಮನಸ್ಥಿತಿಯ ಬಗ್ಗೆ ನಿಮಗೆ ಮೊದಲೇ ತಿಳಿದಿತ್ತೇ?” ಎಂದು ಕೇಳಿದರು.

ತಿಳಿದಿತ್ತು ಎಂದೆ. ಎಲ್ಲ ಹೇಳಿದೆ. ಚೀಟಿ ಬರೆದದ್ದು, ಪಡಸಾಲೆ, ಗೋಡೆಗೆ ಒರಗಿದ್ದ ಬಂದೂಕು, ಪಾಳಿ, ಹತ್ತು ದಿನ, ಶೇಂಗಾ ಕೀಳುವವರೆಗೆ ಎಂದ ಮಾತು. ಗೌಡರು ಸಾಕ್ಷಿಗಳ ಬೆಂಚಿನ ಮೇಲೇ ಕೂತಿದ್ದರು. ಅವರ ಮುಖ ಕಪ್ಪಿಟ್ಟಿತು. ನೋಡಿ ನನಗೆ ಸಂತೋಷವಾಯಿತು ಎಂದು ಬರೆಯಲು ಸಂಕೋಚವಿಲ್ಲ. ಆ ಸಂತೋಷ ಉಳಿದದ್ದು ಒಂದೇ ನಿಮಿಷ. ಎದುರು ಕಡೆಯ ಸರ್ಕಾರಿ ವಕೀಲರು ಎದ್ದು, “ಇದನ್ನೆಲ್ಲ ಎರಡು ವರ್ಷ ಯಾಕೆ ಹೇಳಲಿಲ್ಲ?” ಎಂದರು. ನ್ಯಾಯಾಧೀಶರೂ ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡಿದರು.  ಆಗ ನಾನಿದ್ದ ಮನೆಯ ಚೌಕಟ್ಟು ಗೌಡರದಾಗಿತ್ತು, ಈಗ ಅಲ್ಲ ಎಂದು ಹೇಳಲು ಬರುತ್ತದೆಯೇ?

ಹೊರಗೆ ಬಂದೆ. ಹುಣಸೆ ಮರದ ಕೆಳಗೆ ರುದ್ರಪ್ಪ ನಿಂತಿದ್ದ. ತೀರಾ ಇಳಿದುಹೋಗಿದ್ದ. ಅವನು ಕೈಮುಗಿಯಬಹುದು, ನಿಜ ಹೇಳಿದಿರಿ ಅನ್ನಬಹುದು ಎಂದು ನನ್ನ ಹುಚ್ಚು ಮನಸ್ಸು ಅಂದುಕೊಂಡಿತ್ತು.

“ನರ್ಸಮ್ಮ” ಎಂದ. “ನನ್ನ ಮಗಳು ಹೋಗಿದ್ದು ಆ ಹುಡುಗನ ಕೈಯಾಗೆ. ಅದಕ್ಕೆ ನಿಮ್ಮನ್ನ ಏನೂ ಅನ್ನಾಕಿಲ್ಲ. ಆದ್ರೆ ಆ ಹೆಣ್ಣುಮಗಳ ಮಡಿಕೆ ಒಡೆದೋನು ನಾನು. ಮೊದಲನೇ ಮಡಿಕೆ ನಂದೇ. ಅವತ್ತು ನಿಮ್ಮ ಮುಖ ನೋಡಿ ಹೋಗಿ ಒಡೆದೆ.”

ಅಷ್ಟು ಹೇಳಿ ಅವನು ಕೋರ್ಟಿನ ಗೋಡೆಯ ಕಡೆ ಹೋದ. ಅಲ್ಲಿ ಚೌಡಮ್ಮ ಮಗನನ್ನು ವ್ಯಾನಿಗೆ ಹತ್ತಿಸುವಾಗ ಒಂದು ಸಲ ನೋಡಲೆಂದು ಕಾದು ಕೂತಿದ್ದಳು. ರುದ್ರಪ್ಪ ಅವಳ ಎದುರು ನಿಂತು ತಲೆ ತಗ್ಗಿಸಿದ. ಅವರೇನು ಮಾತಾಡಿದರೋ ನನಗೆ ಕೇಳಲಿಲ್ಲ. ಕೊನೆಗೆ ಅವಳು ಸ್ವಲ್ಪ ಸರಿದು ಅವನಿಗೆ ಕೂರಲು ಜಾಗ ಕೊಟ್ಟದ್ದನ್ನು ನೋಡಿದೆ. ನಾನು ಹತ್ತಿರ ಹೋದೆ. ಅವಳು ನನ್ನ ಕಡೆ ತಿರುಗಲಿಲ್ಲ. ನಾನು ಬಂದದ್ದು ಅವಳಿಗೆ ಗೊತ್ತಿತ್ತು.

ಹುಡುಗನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ಕೋರ್ಟು ಒಪ್ಪಿ ದೂರದ ಮಾನಸಿಕ ಆಸ್ಪತ್ರೆಗೆ ಕಳಿಸಿತು. ಇನ್ನೂ ಅಲ್ಲೇ ಇದ್ದಾನೆ. ಗೌಡರಿಗೆ ಏನಾಯಿತು ಎಂದು ಕೇಳುತ್ತೀರಾ? ಪರವಾನಗಿ ರದ್ದಾಯಿತು, ಒಂದಿಷ್ಟು ದಂಡ ಬಿತ್ತು, ಅಷ್ಟೇ. ಐದು ವರ್ಷ ಕಳೆಯುವಷ್ಟರಲ್ಲಿ ಅವರ ಮಗನ ಹೆಸರಿಗೆ ಹೊಸ ಬಂದೂಕು ಬಂತಂತೆ. ಪಾಳಿಯೂ ಮತ್ತೆ ಶುರುವಾಗಿದೆಯಂತೆ. ಈಗ ಎಲ್ಲರ ಪಾಳಿಯನ್ನು ಯಾರ ಮನೆಯ ಮಗ ಮಾಡುತ್ತಿದ್ದಾನೋ ನನಗೆ ಗೊತ್ತಿಲ್ಲ.

ಇದಾಗಿ ಒಂಬತ್ತು ವರ್ಷವಾಯಿತು. ಹೋದ ತಿಂಗಳು ನಮ್ಮ ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಯಾರೋ ಪೇಪರ್ ಓದುತ್ತಿದ್ದರು. ಎಲ್ಲೋ ದೂರದ ಊರಿನಲ್ಲಿ ತಲೆಕೆಟ್ಟ ಹುಡುಗನೊಬ್ಬ ಇಬ್ಬರನ್ನು ಕಡಿದನೆಂಬ ಸುದ್ದಿ. ನಮ್ಮ ಆಯಾ ಬುತ್ತಿ ಮುಚ್ಚಿಡುತ್ತಾ, “ಅವರವ್ವ ಏನು ಮಾಡ್ತಿದ್ಲಂತೆ? ಮುಂಚೇನೇ ಯಾರಿಗಾದ್ರೂ ಹೇಳಬಾರದಿತ್ತಾ?” ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ಡಬ್ಬಿ ಮೇಜಿನ ಮೇಲೆ ಎಷ್ಟು ಜೋರಾಗಿ ಬಡಿಯಿತೆಂದರೆ ಪಕ್ಕದ ಕೋಣೆಯಿಂದ ಡಾಕ್ಟರು ಎದ್ದು ಬಂದರು.

“ಹೇಳಿರ್ತಾಳೆ ಕಣೇ” ಎಂದೆ. “ಹೋಗಿ ಹೇಳಿರ್ತಾಳೆ. ಪಕ್ಕದಲ್ಲಿ ನಿಂತು ಕೇಳಿಸ್ಕೊಂಡೋರು ಯಾರು ಅಂತ ಮೊದ್ಲು ಕೇಳು.”